ಅಮೆರಿಕದಂಥ ಶ್ರೀಮಂತ ದೇಶದಲ್ಲೂ ಸರ್ಕಾರಿ ಶಾಲೆಗಳ ನಡುವೆ ಅಷ್ಟೊಂದು ಅಂತರ ಯಾಕೆ? ಅದನ್ನು ಮಕ್ಕಳಿಗೆ ಹೇಳಿಕೊಡಬೇಕಾ?

ದೊಡ್ಡ ಕಾರಣ ದುಡ್ಡು ಬರುವ ದಾರಿ. ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಗಳ ಬೆಲೆ ಕಮ್ಮಿ ಇರುವ ಕಡೆ ತೆರಿಗೆ ಏರಿಸಿದರೂ ಸಾಲುವುದಿಲ್ಲ.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋ ನೋಡಿ. 1968ರಲ್ಲಿ ಎಡ್ಜ್‌ವುಡ್ ಹೈಸ್ಕೂಲ್ ಮಕ್ಕಳು ತಮ್ಮ ಶಾಲೆಯ ಕೆಟ್ಟ ಸ್ಥಿತಿ ವಿರೋಧಿಸಿ ಕ್ಲಾಸ್ ಬಿಟ್ಟು ಬೀದಿಗಿಳಿದರು. ಹೆಚ್ಚಿನವರು ಮೆಕ್ಸಿಕನ್ ಮೂಲದ ಬಡವರ ಮಕ್ಕಳು. ಅವರ ಅಪ್ಪ ಅಮ್ಮ, ಅದೇ ಕಡೆಯ ಶ್ರೀಮಂತರ ಪ್ರದೇಶವಾದ ಅಲಾಮೊ ಹೈಟ್ಸ್‌ನವರಿಗಿಂತ ಜಾಸ್ತಿ ದರದಲ್ಲಿ ತೆರಿಗೆ ಕಟ್ಟುತ್ತಿದ್ದರು. ಆದರೂ ಒಂದು ಮಗುವಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 356 ಡಾಲರ್. ಅಲ್ಲಿ 594. ಎಂಥ ಅನ್ಯಾಯ ಅಲ್ವಾ? ಡೆಮೆಟ್ರಿಯೊ ರೋಡ್ರಿಗಸ್ ಮತ್ತಿತರ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣ ಆ ದೇಶದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು.

ಇದನ್ನು ಖಂಡಿತ ಹೇಳಿಕೊಡಬೇಕು. ತಮ್ಮ ಶಾಲೆ ಹೀಗೇಕಿದೆ ಅಂತ ಗೊತ್ತಾಗದಿದ್ದರೆ ಮಕ್ಕಳು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಆದರೆ ಇಂಥ ಇತಿಹಾಸ ಕಲಿಸುವುದಕ್ಕೂ ಅಡ್ಡಿ. ಅರಿಜೋನಾದ ಟ್ಯೂಸಾನ್‌ನಲ್ಲಿ ಮೆಕ್ಸಿಕನ್ ಅಮೆರಿಕನ್ನರ ಇತಿಹಾಸ ಕಲಿಸುತ್ತಿದ್ದ ತರಗತಿಗಳನ್ನು ಆ ರಾಜ್ಯದ 2010ರ ಕಾನೂನು ತೋರಿಸಿ ನಿಲ್ಲಿಸಿದರು. ಅದರ ಹಿಂದೆ ಜನಾಂಗೀಯ ದ್ವೇಷವಿತ್ತು ಎಂದು ಫೆಡರಲ್ ನ್ಯಾಯಾಧೀಶರು ಹೇಳಿದ್ದು 2017ರಲ್ಲಿ.