ಹಾಕುವವರೂ ಅವರೇ, ತೆಗೆಯುವವರೂ ಅವರೇ

ಹಾವೇರಿ ಜಿಲ್ಲೆಯ ಓದುಗರಿಗೆ ನಮಸ್ಕಾರ. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ಇವರ ತಮ್ಮ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಹನ್ನೊಂದು ದಿನ ಐಸಿಯುನಲ್ಲಿದ್ದರು. "ಮೊದಲ ರಾತ್ರಿ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರು. ಬೆಳಗಾದ ಮೇಲೆ ಬೇರೆ ಬಾಟಲಿ ಹಾಕಿ ಅದೇ ನೀರನ್ನು ಮೂತ್ರದಲ್ಲಿ ಇಳಿಸಿದರು. ಎರಡಕ್ಕೂ ಬಿಲ್ಲು. ಸುಸ್ತಾಗಿದ್ದಾನೆ, ಒಂದು ಗ್ಲೂಕೋಸ್ ಆದರೂ ಹಾಕಿರಿ ಎಂದು ಕೈಮುಗಿದರೂ ಹಾಕಲಿಲ್ಲ. ಇದು ಚಿಕಿತ್ಸೆಯೋ ವ್ಯಾಪಾರವೋ?" ತಮ್ಮ ಈಗ ಮನೆಯಲ್ಲಿದ್ದಾರೆ, ಗೋಡೆ ಹಿಡಿದು ನಡೆಯುತ್ತಿದ್ದಾರೆ ಎಂಬುದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಅದನ್ನೇ ಮೊದಲು ಬರೆಯಬೇಕಿತ್ತು, ಮಾರಾಯರೇ.

ಬಿಲ್ಲಿನ ನ್ಯಾಯ ನಾನು ಹೇಳಲಾರೆ. ಬಾಟಲಿಗಳ ವಿಷಯದಲ್ಲಿ ಮಾತ್ರ ಆಸ್ಪತ್ರೆಯವರ ಪರ ನಿಲ್ಲಬೇಕಾಗಿದೆ.

ಗ್ಲೂಕೋಸಿನಿಂದಲೇ ಶುರು ಮಾಡೋಣ. ನನ್ನ ತಂದೆಗೆ ಪಾರ್ಶ್ವವಾಯು ಬಡಿದಾಗ ನಾನೂ ಇದೇ ಹಠ ಹಿಡಿದಿದ್ದೆ. "ಸಾರ್, ಅದು ಊಟ ಅಲ್ಲ" ಎಂದಷ್ಟೇ ಹೇಳಿ ಡ್ಯೂಟಿ ಡಾಕ್ಟರು ನಡೆದುಬಿಟ್ಟರು. ಎಂಥ ಅಹಂಕಾರ ಎಂದುಕೊಂಡೆ. ಅವರು ಹೇಳಿದ್ದು ನಿಜವೇ. ಅರ್ಧ ಲೀಟರಿನ ಐದು ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರ ಶಕ್ತಿ ನೂರು ಕ್ಯಾಲೊರಿ ದಾಟದು. ಬಾಟಲಿಯಲ್ಲಿ ಇರುವಷ್ಟು ಹೊತ್ತು ಅದು ಹೆಚ್ಚುಕಡಿಮೆ ರಕ್ತದಷ್ಟೇ ಸಾಂದ್ರ. ಮೈಯೊಳಗೆ ಹೋದ ಮೇಲೆ ಸಕ್ಕರೆ ಉರಿದುಹೋಗುತ್ತದೆ, ಉಳಿಯುವುದು ಬರೀ ನೀರು. ಆ ನೀರು ರಕ್ತವನ್ನು ತೆಳುವಾಗಿಸಿ, ಉಪ್ಪು ಹೆಚ್ಚಿರುವ ಕಡೆ ಹರಿಯುತ್ತದೆ. ಆ ಹೊತ್ತಿಗೆ ಉಪ್ಪು ಹೆಚ್ಚಿರುವುದು ಮಿದುಳಿನ ಕಡೆ.

ಹಾಗಲಕಾಯಿ ಹೋಳಿಗೆ ಉಪ್ಪು ಸವರಿಟ್ಟರೆ ನೀರು ಬಿಟ್ಟು ಬಾಡುತ್ತದೆ, ಕಡಲೆಯನ್ನು ಬರೀ ನೀರಲ್ಲಿ ನೆನೆಹಾಕಿದರೆ ಊದುತ್ತದೆ. ಮಿದುಳಿನ ಲೆಕ್ಕವೂ ಇದೇ, ಬೇರೆ ಅಂಗಗಳಿಗಿಂತ ಕಟ್ಟುನಿಟ್ಟಾಗಿ. ಮೈಯ ಬೇರೆಡೆ ರಕ್ತನಾಳದ ಗೋಡೆಯಿಂದ ಉಪ್ಪೂ ನೀರೂ ಜೊತೆಯಾಗಿ ನುಸುಳುತ್ತವೆ. ಹೆಚ್ಚು ಸಲೈನ್, ಅಂದರೆ ಉಪ್ಪುನೀರು, ಹೋದಾಗ ಕಾಲು ಬಾತುಕೊಳ್ಳುವುದು ಅದಕ್ಕೇ. ಮಿದುಳಿನ ಸಣ್ಣ ರಕ್ತನಾಳಗಳ ಗೋಡೆ ಮಾತ್ರ ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಎಷ್ಟು ನೀರು ಹೋಯಿತು ಎನ್ನುವುದರ ಜೊತೆಗೆ, ಆ ನೀರಲ್ಲಿ ಏನು ಕರಗಿತ್ತು ಎಂದೂ ಕೇಳಬೇಕು.

ಇದು ಗೊತ್ತಾದ ಬಗೆಯೂ ಸ್ವಾರಸ್ಯವಾಗಿದೆ. ಅಮೆರಿಕದ ವೀಡ್ ಮತ್ತು ಮೆಕಿಬ್ಬೆನ್ ಎಂಬ ಇಬ್ಬರು ಬೆಕ್ಕುಗಳ ರಕ್ತನಾಳಕ್ಕೆ ಗಾಢ ಉಪ್ಪುನೀರು ಕೊಟ್ಟಾಗ ಮಿದುಳು ಕುಗ್ಗಿತು. ಬಟ್ಟಿ ಇಳಿಸಿದ ನೀರು ಕೊಟ್ಟಾಗ ಉಬ್ಬಿತು. ಅವರು ಅದನ್ನು ಪ್ರಕಟಿಸಿದ್ದು 1919ರಲ್ಲಿ. ನಿಮ್ಮ ತಮ್ಮನಿಗೆ ಏರಿಸಿದ ಬಾಟಲಿಯ ಹಿಂದೆ ನೂರು ವರ್ಷ ಹಳೆಯ ಬೆಕ್ಕುಗಳಿವೆ.

ಮಿದುಳು ಉಬ್ಬಿದರೇನಾಯಿತು, ಕಾಲು ಉಬ್ಬುವುದಿಲ್ಲವೇ ಎನ್ನಬಹುದು. ಕಾಲಿನ ಚರ್ಮ ಹಿಗ್ಗುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿರುವುದು ಮಿದುಳು, ರಕ್ತ, ಮಿದುಳಿನ ಸುತ್ತಲ ನೀರು. ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಬೇಕು. ಬಿಡುವಷ್ಟು ಬಿಟ್ಟಾದ ಮೇಲೆ ಒತ್ತಡ ಒಮ್ಮೆಲೇ ಏರುತ್ತದೆ. ದೊಡ್ಡವರಲ್ಲಿ ಈ ಒತ್ತಡ ಸಾಮಾನ್ಯವಾಗಿ 15 ಮಿಲಿಮೀಟರ್ ಪಾದರಸದ ಒಳಗೆ ಇರುತ್ತದೆ. 22 ದಾಟಿದರೆ ಇಳಿಸಬೇಕು ಎನ್ನುತ್ತವೆ ತಲೆಪೆಟ್ಟಿನ ಚಿಕಿತ್ಸೆಗಾಗಿ 2016ರಲ್ಲಿ ಬಂದ ಅಮೆರಿಕದ ಮಾರ್ಗಸೂಚಿಗಳು.

ಹಾಗಾದರೆ ಮೊದಲ ರಾತ್ರಿ ಅಷ್ಟು ಸಲೈನ್ ಯಾಕೆ? ಒಂದು ಕಾಲದಲ್ಲಿ ವೈದ್ಯರೂ ನಿಮ್ಮ ಹಾಗೆಯೇ ಯೋಚಿಸಿದ್ದರು: ಮಿದುಳು ಊದಿಕೊಂಡಿದೆ, ರೋಗಿಯನ್ನು ಒಣಗಿಸಿಡಿ. ಅದು ದುಬಾರಿಯಾಯಿತು. ಮಿದುಳಿಗೆ ರಕ್ತವನ್ನು ತಳ್ಳುವ ಬಲವೆಂದರೆ ಸರಾಸರಿ ಬಿಪಿಯಲ್ಲಿ ತಲೆಯೊಳಗಿನ ಒತ್ತಡ ಕಳೆದು ಉಳಿದದ್ದು. ಅದು 60ರಿಂದ 70ರ ನಡುವೆ ಇರಬೇಕು. ತಲೆಯೊಳಗೆ 25 ಇದ್ದು ಸರಾಸರಿ ಬಿಪಿ 65ಕ್ಕೆ ಬಿದ್ದರೆ ಉಳಿಯುವುದು 40. ತಲೆಗೆ ಪೆಟ್ಟಾದವರ ಬಿಪಿಯ ಮೇಲಿನ ಅಂಕಿ ಒಮ್ಮೆ 90ಕ್ಕಿಂತ ಕೆಳಗಿಳಿದರೂ ಸಾವಿನ ಅಪಾಯ ಇಮ್ಮಡಿಯಾಗುತ್ತದೆ ಎಂದು 1993ರಲ್ಲೇ ತೋರಿಸಿದ್ದಾರೆ. ರಸ್ತೆಯಲ್ಲಿ ರಕ್ತ ಹೋಗಿತ್ತು ಎಂದು ನೀವೇ ಬರೆದಿದ್ದೀರಿ. ಆ ರಾತ್ರಿಯ ಸಲೈನ್ ಬಿಪಿ ಹಿಡಿದು ನಿಲ್ಲಿಸಲು.

ಬೆಳಗಿನದು ಮ್ಯಾನಿಟಾಲ್ ಎಂಬ ಔಷಧಿ. ಅದು ರಕ್ತದ ಕಡೆ ನಿಂತು ಮಿದುಳಿನ ನೀರನ್ನು ಎಳೆದುಕೊಳ್ಳುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಒಂದು ವಿಚಿತ್ರವೆಂದರೆ, ಪೆಟ್ಟಾದ ಭಾಗದಲ್ಲಿ ರಕ್ತನಾಳದ ಗೋಡೆ ಸೋರುತ್ತಿರುವುದರಿಂದ ಅಲ್ಲಿ ಇದರ ಆಟ ಹೆಚ್ಚು ನಡೆಯದು. ಕುಗ್ಗುವುದು ಬಹುಮಟ್ಟಿಗೆ ಆರೋಗ್ಯವಾಗಿರುವ ಭಾಗ. ಗಾಯಗೊಂಡವನಿಗೆ ಪಕ್ಕದವನು ಸರಿದು ಜಾಗ ಕೊಟ್ಟ ಹಾಗೆ. ಮೂತ್ರದ ಚೀಲ ತುಂಬಿದಂತೆ ಬಿಪಿ ಬೀಳಬಾರದಲ್ಲ, ಹೋದಷ್ಟನ್ನು ಮತ್ತೆ ಸಲೈನಿನಿಂದ ತುಂಬುತ್ತಾರೆ. ಹಾಕುವವರೂ ಅವರೇ, ತೆಗೆಯುವವರೂ ಅವರೇ ಎಂದು ನಿಮಗೆ ಕಂಡದ್ದು ಸರಿ. ಆದರೆ ತೆಗೆದದ್ದು ಹಾಕಿದ ನೀರನ್ನಲ್ಲ. ಅಂದಹಾಗೆ, ಸಿಸ್ಟರ್ ಬಾಟಲಿಯನ್ನು ಬಿಸಿನೀರಲ್ಲಿ ಅದ್ದಿದ್ದು, ನೀವು ಪತ್ರದಲ್ಲಿ ಅನುಮಾನಪಟ್ಟ ಹಾಗೆ, ಹಳೆಯ ಸರಕಿಗೆ ಹೊಸ ವೇಷ ಹಾಕಲು ಅಲ್ಲ. ಚಳಿಗೆ ಮ್ಯಾನಿಟಾಲ್ ಹರಳುಗಟ್ಟುತ್ತದೆ, ಕರಗಿಸಿಯೇ ಹಾಕಬೇಕು.

"ದುಡ್ಡು ಹೋದರೆ ಹೋಗಲಿ, ಆಲ್ಬುಮಿನ್ ಹಾಕಿ ಎಂದರೂ ಕೇಳಲಿಲ್ಲ" ಎಂದೂ ದೂರಿದ್ದೀರಿ. ಆಲ್ಬುಮಿನ್ ಎಂದರೆ ರಕ್ತದ ಪ್ರೋಟೀನಿನ ದುಬಾರಿ ದ್ರಾವಣ. ವ್ಯಾಪಾರವೇ ಆಗಿದ್ದರೆ ಅದನ್ನು ಮೊದಲು ಹಾಕುತ್ತಿದ್ದರು! ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಐಸಿಯುಗಳಲ್ಲಿ ಆಲ್ಬುಮಿನ್ ಮತ್ತು ಸಲೈನನ್ನು ಹೋಲಿಸಿದ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿದ್ದ ತಲೆಪೆಟ್ಟಿನ 460 ರೋಗಿಗಳ ಲೆಕ್ಕ 2007ರಲ್ಲಿ ಹೊರಬಂತು. ಎರಡು ವರ್ಷದೊಳಗೆ ತೀರಿಕೊಂಡವರು ಆಲ್ಬುಮಿನ್ ಪಡೆದವರಲ್ಲಿ ನೂರಕ್ಕೆ 33, ಸಲೈನ್ ಪಡೆದವರಲ್ಲಿ 20. ಆಲ್ಬುಮಿನ್ ಪಡೆದವರ ತಲೆಯೊಳಗಿನ ಒತ್ತಡ ಹೆಚ್ಚಿತ್ತು ಎಂದು ಆಮೇಲೆ ತಿಳಿಯಿತು. ಲೀಟರಿಗೆ 9 ಗ್ರಾಂ ಉಪ್ಪಿನ ಬಡಪಾಯಿ ಬಾಟಲಿಯೇ ಗೆದ್ದಿತ್ತು. 2021ರಲ್ಲಿ ಬ್ರೆಜಿಲ್‌ನ ಅಧ್ಯಯನದಲ್ಲೂ, ರಕ್ತಕ್ಕೆ ಹೆಚ್ಚು ಹೋಲುವ ಸುಧಾರಿತ ದ್ರಾವಣಕ್ಕಿಂತ ತಲೆಪೆಟ್ಟಿನವರ ಮಟ್ಟಿಗೆ ಸಲೈನೇ ವಾಸಿ ಎಂದು ಕಂಡಿತು. ಬೇರೆ ರೋಗಿಗಳಿಗೆ ಈ ಮಾತು ಅನ್ವಯಿಸದು. ಸಲೈನ್ ಅತಿಯಾದರೂ ರಕ್ತದಲ್ಲಿ ಕ್ಲೋರೈಡ್ ಏರಿ ಬೇರೆ ತೊಂದರೆ ಬರುತ್ತದೆ.

ಗ್ಲೂಕೋಸನ್ನು ತಲೆಪೆಟ್ಟಿನವರಿಗೆ ಎಂದೂ ಕೊಡಬಾರದು ಎಂದು ನಾನು ಹೇಳಿದ್ದಾಗಿ ಯಾರೂ ಹರಡಬೇಡಿ. ರಕ್ತದ ಸಕ್ಕರೆ ಕುಸಿದಿದ್ದರೆ ತಕ್ಷಣ ಕೊಡಲೇಬೇಕು.

ಆಸ್ಪತ್ರೆಯವರನ್ನು ಒಂದು ವಿಷಯಕ್ಕೆ ಬೈಯುತ್ತೇನೆ. ಇಷ್ಟನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಹನ್ನೊಂದು ದಿನ ಕೂತ ಅಣ್ಣನಿಗೆ ಐದು ನಿಮಿಷ ನಿಂತು ಹೇಳಬಹುದಿತ್ತು. ಹೇಳದೆ ಸಹಿ ಮಾತ್ರ ಹಾಕಿಸಿಕೊಂಡರೆ ಅನುಮಾನ ಬಾರದೆ ಇನ್ನೇನು?

ದಿನಾ ಎರಡು ಮೂರು ಸಲ ರಕ್ತ ಎಳೆದರು ಎಂದಿರಲ್ಲ, ನೀವು ಕಳಿಸಿದ ಜೆರಾಕ್ಸಿನ ಮೂರನೇ ಹಾಳೆ ನೋಡಿ. ಸೋಡಿಯಂ ಎಂದಿರುವ ಸಾಲು, ಅಂದರೆ ರಕ್ತದ ಉಪ್ಪಿನ ಅಳತೆ, ಒಂದು ದಿನ 131ಕ್ಕೆ ಇಳಿದು ನಿಧಾನವಾಗಿ 140ಕ್ಕೆ ಏರಿದೆ. ಆ ಸಾಲಿಗಾಗಿಯೇ ಅಷ್ಟು ಸೂಜಿ. ಹಾಳೆಗಳನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಮುಂದಿನ ತಪಾಸಣೆಗೆ ಹೋಗುವಾಗ ಮರೆಯದೆ ಒಯ್ಯಿರಿ.

— ಸಂ.