ಬಾನೆಟ್ ಪೂರ್ತಿ ಹೋದರೂ ಏರ್‌ಬ್ಯಾಗ್ ಯಾಕೆ ಓಪನ್ ಆಗಲಿಲ್ಲ?

ಚಿತ್ರದುರ್ಗದ ಹತ್ತಿರ ಹೈವೇಯಲ್ಲಿ ನಿಂತ ಲಾರಿಯ ಹಿಂದೆ ಕಾರು ನುಗ್ಗಿತು, ಬಾನೆಟ್ ಮುದುರಿತು, ಏರ್‌ಬ್ಯಾಗ್ ಓಪನ್ ಆಗಲಿಲ್ಲ, ಇದು ಮೋಸ ಅಲ್ವಾ ಅಂತ ಕೇಳಿದ್ದೀರಿ. ನೀವು ಕೂತು ಟೈಪ್ ಮಾಡುತ್ತಿದ್ದೀರಲ್ಲ, ಮೊದಲು ಅದಕ್ಕೆ ಸಂತೋಷ.

ನಾನು ದಾವಣಗೆರೆಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುತ್ತೇನೆ. ಗಾಡಿ ನೋಡದೆ ಮೋಸ ಹೌದು, ಅಲ್ಲ ಅನ್ನೋಕೆ ಆಗಲ್ಲ. ಆದರೆ ಬಾನೆಟ್ ನೋಡಿ ಲೆಕ್ಕ ಹಾಕಬೇಡಿ. ಸಾಮಾನ್ಯವಾಗಿ ಗೇರ್ ಲಿವರ್ ಹತ್ತಿರ, ಕಾರ್ಪೆಟ್ ಕೆಳಗೆ ಒಂದು ಪುಟ್ಟ ಡಬ್ಬಿ ಇರುತ್ತದೆ, ಮೇಲೆ ಗಾಡಿಯ ಮುಂಭಾಗ ತೋರಿಸುವ ಬಾಣದ ಗುರುತು. ತೀರ್ಮಾನ ಅದರದ್ದು. ಅದು ನೋಡುವುದು ವೇಗ ಎಷ್ಟು ಬೇಗ ಬಿತ್ತು ಅನ್ನೋದನ್ನ. ಲಾರಿಯ ಹಿಂಭಾಗ ಎತ್ತರ, ಬಂಪರ್ ಅದರ ಕೆಳಗೆ ನುಸುಳಿಬಿಡುತ್ತದೆ, ಮೇಲಿನ ಮೆತ್ತಗಿನ ತಗಡು ಮಡಚುತ್ತಾ ಹೋಗುತ್ತದೆ, ವೇಗ ನಿಧಾನಕ್ಕೆ ಇಳಿಯುತ್ತದೆ. ಅದೇ ವೇಗದಲ್ಲಿ ಗೋಡೆಗೆ ಗುದ್ದಿದ್ದರೆ ಕಥೆಯೇ ಬೇರೆ.

ಮೊದಲು ಇಷ್ಟೆಲ್ಲ ಲೆಕ್ಕ ಇರಲಿಲ್ಲ. 1960ರ ದಶಕದ ಕೊನೆಗೆ ಅಮೆರಿಕದ ಅಲೆನ್ ಬ್ರೀಡ್ ಮಾಡಿದ ಸೆನ್ಸರ್ ಅಂದರೆ ಕೊಳವೆಯೊಳಗೆ ಒಂದು ಗುಂಡು, ಹಿಡಿದಿಡೋಕೆ ಅಯಸ್ಕಾಂತ. ಜೋರಾಗಿ ಗುದ್ದಿದರೆ ಗುಂಡು ಬಿಡಿಸಿಕೊಂಡು ಮುಂದೆ ಹೋಗಿ ಸರ್ಕ್ಯೂಟ್ ಕೂಡಿಸುತ್ತಿತ್ತು, ಅಷ್ಟೇ. 1981ರ ಹೊತ್ತಿಗೆ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಏರ್‌ಬ್ಯಾಗ್, ಬೆಲ್ಟ್ ಬಿಗಿ ಮಾಡುವ ಸಾಧನ ಎರಡೂ ಎಲೆಕ್ಟ್ರಾನಿಕ್ ಕಂಟ್ರೋಲ್ ಕೈಗೆ ಬಂದವು. 1990ರ ದಶಕದಲ್ಲಿ ಗುಂಡಿನ ಜಾಗಕ್ಕೆ ಸಿಲಿಕಾನ್ ಚಿಪ್ ಬಂತು. ಈಗಿನ ಡಬ್ಬಿ ಕೆಲವೇ ಮಿಲಿಸೆಕೆಂಡಿನಲ್ಲಿ ಗುದ್ದು ಎಂಥದ್ದು ಅಂತ ಅಳೆದು ನಿರ್ಧರಿಸುತ್ತದೆ. ಬ್ಯಾಟರಿ ವೈರ್ ತುಂಡಾದರೂ ಅದರೊಳಗಿನ ಕೆಪಾಸಿಟರ್‌ನಲ್ಲಿ ಬ್ಯಾಗ್ ಹಾರಿಸುವಷ್ಟು ಕರೆಂಟ್ ಉಳಿದಿರುತ್ತದೆ. ಕೆಲವು ಗಾಡಿಗಳಲ್ಲಿ ಗುದ್ದುವ ಮುಂಚಿನ ಕೆಲವು ಸೆಕೆಂಡಿನ ವೇಗ, ಬ್ರೇಕ್, ಬೆಲ್ಟ್ ವಿವರವೂ ಅದರಲ್ಲೇ ಇರುತ್ತದೆ. ಹಾಗಾಗಿ ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ಡಬ್ಬಿಯಲ್ಲಿ ದಾಖಲಾದ ದೋಷದ ಕೋಡ್ ಅಳಿಸುವ ಮುಂಚೆ ಅದನ್ನು ಓದಿಸಿ, ಪ್ರಿಂಟ್ ತಗೊಳ್ಳಿ.

ಇನ್ನೊಂದು. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ ಆರುತ್ತಿತ್ತು, ಎಲ್ಲ ಸರಿ ಇತ್ತು ಅಂತ ಬರೆದಿದ್ದೀರಿ. ಅದನ್ನೂ ಪೂರ್ತಿ ನಂಬಬೇಡಿ. ಕಳೆದ ವರ್ಷ ನನ್ನ ಹತ್ತಿರ ಒಂದು ಗಾಡಿ ಬಂತು, ಲೈಟ್ ಸರಿಯಾಗಿ ಆರುತ್ತಿತ್ತು. ಹಾರ್ನ್ ಕೆಲಸ ಮಾಡಲ್ಲ ಅಂತ ಸ್ಟೀರಿಂಗ್ ಬಿಚ್ಚಿದರೆ ಒಳಗೆ ಬ್ಯಾಗೇ ಇಲ್ಲ! ಕನೆಕ್ಟರ್‌ಗೆ ಸುಮ್ನೆ ಒಂದು ರೆಸಿಸ್ಟರ್, ಅಂದರೆ ಬ್ಯಾಗ್ ಇದ್ದಷ್ಟೇ ಕರೆಂಟ್ ತಡೆಯುವ ಪುಟ್ಟ ತುಣುಕು, ಸಿಕ್ಕಿಸಿ ಟೇಪ್ ಸುತ್ತಿದ್ದರು. ಡಬ್ಬಿ ಪಾಪ, ಬ್ಯಾಗ್ ಇದೆ ಅಂದುಕೊಂಡಿತ್ತು. ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿನಾ?