ನ್ಯಾಸ್ ವಾಲ್ಯೂಮ್ ರೀಡ್-ಓನ್ಲಿ ಆಗಿದೆ, ರಿಪೇರಿ ಬಟನ್ ಒತ್ತಬಹುದಾ?

ಈಗಲೇ ಒತ್ತಬೇಡಿ. ಮೊದಲು ಕಾಪಿ, ಆಮೇಲೆ ರಿಪೇರಿ.

ನೀವು ಹೇಳಿರುವುದು ಇಷ್ಟು: ಕಲಬುರಗಿಯಲ್ಲಿ ಮದುವೆ ಫೋಟೋ-ವಿಡಿಯೋ ಸ್ಟುಡಿಯೋ. ನಾಲ್ಕು ಡಿಸ್ಕಿನ ನ್ಯಾಸ್ (ನೆಟ್‌ವರ್ಕ್‌ನಲ್ಲಿ ಎಲ್ಲರೂ ಬಳಸುವ ಸ್ಟೋರೇಜ್ ಪೆಟ್ಟಿಗೆ), ಡಿಸ್ಕುಗಳೆಲ್ಲ ಸೇರಿ ಒಂದೇ ವಾಲ್ಯೂಮ್, ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಹಂಚಿಡುವ ವ್ಯವಸ್ಥೆ), ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ (ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಪದ್ಧತಿ). ನ್ಯಾಸ್ ಇನ್ವರ್ಟರ್ ಮೇಲಿದೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಅವತ್ತಿನಿಂದ ಹಳೆ ಫೈಲ್ ತೆರೆಯುತ್ತವೆ, ಹೊಸದು ಸೇವ್ ಆಗುವುದಿಲ್ಲ, ಡಿಲೀಟ್ ಕೂಡ ಆಗುವುದಿಲ್ಲ. ಬೇರೆ ಎಲ್ಲೂ ಬ್ಯಾಕಪ್ ಇಲ್ಲ. ನಾನೂ ಇದೇ ಊರಲ್ಲಿ ಸ್ಟುಡಿಯೋ, ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು. ಬೇಸಿಗೆಯಲ್ಲಿ ಈ ತೊಂದರೆ ತಂದವರನ್ನು ಜಾಸ್ತಿ ನೋಡುತ್ತೇನೆ.

ಗಾಬರಿ ಆಗಬೇಡಿ. ಗಂಜ್ ಮಾರುಕಟ್ಟೆಯ ಅಂಗಡಿಯಲ್ಲಿ ಲೆಕ್ಕ ತಾಳೆ ಆಗದಿದ್ದರೆ ಮುನೀಮ ಏನು ಮಾಡುತ್ತಾನೆ? ಹೊಸ ಸಾಲು ಬರೆಯುವುದನ್ನು ನಿಲ್ಲಿಸುತ್ತಾನೆ. ನಿಮ್ಮ ನ್ಯಾಸ್ ಮಾಡಿರುವುದೂ ಅದನ್ನೇ. ಯಾವ ಫೈಲ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ದಾಖಲೆ ಇರುತ್ತದಲ್ಲ, ಅದನ್ನು ಮೆಟಾಡೇಟಾ ಎನ್ನುತ್ತಾರೆ. ಅದರಲ್ಲಿ ತಪ್ಪು ಕಂಡ ತಕ್ಷಣ ಬಿಟಿಆರ್‌ಎಫ್‌ಎಸ್ ಬರೆಯುವುದನ್ನು ನಿಲ್ಲಿಸುತ್ತದೆ. ಇಎಕ್ಸ್‌ಟಿ4 ಎಂಬ ಇನ್ನೊಂದು ಫೈಲ್ ಸಿಸ್ಟಮ್ ಕೂಡ ಹಾಗೆ ಸೆಟ್ ಮಾಡಿದ್ದರೆ ಹಾಗೇ ಮಾಡುತ್ತದೆ. ಕೆಟ್ಟ ದಾಖಲೆಯ ಮೇಲೆ ಇನ್ನೂ ಬರೆದರೆ ಚೆನ್ನಾಗಿರುವ ಫೈಲೂ ಹಾಳಾಗುತ್ತದೆ, ಅದಕ್ಕೇ ಈ ಬೀಗ. ಹಾಗಾಗಿ ರೀಡ್-ಓನ್ಲಿ ಅಂದರೆ ಡೇಟಾ ಹೋಯಿತು ಅಂತಲ್ಲ. ತೆಗೆದುಕೊಳ್ಳಲು ನಿಮಗೆ ಇನ್ನೂ ಸಮಯ ಇದೆ ಅಂತ.

ಆದರೆ ಆ ಸಮಯ ಎಷ್ಟು ಅಂತ ಯಾರೂ ಹೇಳಲಾರರು. ಅದಕ್ಕೇ ರೀಸ್ಟಾರ್ಟ್ ಮಾಡಬೇಡಿ ಎನ್ನುತ್ತೇನೆ. ಈಗ ಮೌಂಟ್ ಆಗಿ, ಅಂದರೆ ಬಳಕೆಗೆ ತೆರೆದುಕೊಂಡು ಕೂತಿರುವ ವಾಲ್ಯೂಮ್ ರೀಸ್ಟಾರ್ಟ್ ಆದ ಮೇಲೆ ಮೌಂಟೇ ಆಗದೆ ಇರಬಹುದು. ಆಗ ಓದುವ ದಾರಿಯೂ ಮುಚ್ಚಿತು.

ಒಂದನ್ನು ಮಾತ್ರ ಮೊದಲು ಖಚಿತ ಮಾಡಿಕೊಳ್ಳಿ. ಒಬ್ಬ ಯೂಸರ್‌ಗೆ ಮಾತ್ರ, ಅಥವಾ ಒಂದು ಫೋಲ್ಡರ್‌ನಲ್ಲಿ ಮಾತ್ರ ಸೇವ್ ಆಗುತ್ತಿಲ್ಲ ಅಂದರೆ ಅದು ಬರೀ ಪರ್ಮಿಷನ್ ಸಮಸ್ಯೆ. ಅಡ್ಮಿನ್ ಆಗಿ ಲಾಗಿನ್ ಆದರೂ ಎಲ್ಲ ಫೋಲ್ಡರ್‌ನಲ್ಲೂ ಇದೇ ಕಥೆ, ಸ್ಟೋರೇಜ್ ಮ್ಯಾನೇಜರ್‌ನಲ್ಲೂ ಎಚ್ಚರಿಕೆ ಇದೆ ಅಂದರೆ ಇದು ನಿಜವಾದ ರೀಡ್-ಓನ್ಲಿ. ನಿಮ್ಮ ವಿವರ ನೋಡಿದರೆ ಎರಡನೆಯದೇ.

ಈಗ ಕಾಪಿ ಕೆಲಸ. ಇವತ್ತೇ ಒಂದು ಹೊಸ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತನ್ನಿ. ನಿಮ್ಮ ಒಟ್ಟು ಡೇಟಾಗಿಂತ ದೊಡ್ಡದಿರಲಿ. ಒಂದರಲ್ಲಿ ಹಿಡಿಸದಿದ್ದರೆ ಎರಡು ತನ್ನಿ. ದುಡ್ಡು ದಂಡ ಅನ್ನಿಸಬಹುದು. ಆದರೆ ಒಂದು ಮದುವೆ ಮತ್ತೆ ಶೂಟ್ ಮಾಡಲು ಬರುವುದಿಲ್ಲ ಅಲ್ವಾ. ಅದನ್ನು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಇದ್ದರೆ 4 ಜಿಬಿ ಮೀರಿದ ವಿಡಿಯೋ ಹೋಗುವುದಿಲ್ಲ.

ಡಿಸ್ಕನ್ನು ಕಂಪ್ಯೂಟರ್‌ಗೆ ಹಾಕಿ, ಕಂಪ್ಯೂಟರನ್ನು ಕೇಬಲ್‌ನಲ್ಲೇ ನೆಟ್‌ವರ್ಕ್‌ಗೆ ಸೇರಿಸಿ. ವೈಫೈ ಬೇಡ. ಗಿಗಾಬಿಟ್ ಕೇಬಲ್‌ನಲ್ಲಿ ದೊಡ್ಡ ಫೈಲ್ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ. ಅಂದರೆ 1 ಟಿಬಿಗೆ ಎರಡೂವರೆ ಗಂಟೆ. ಸಣ್ಣ ಸಣ್ಣ ಫೋಟೋ ಜಾಸ್ತಿ ಇದ್ದರೆ ಇನ್ನೂ ನಿಧಾನ. ಏಪ್ರಿಲ್-ಮೇ ಬಿಸಿಲಲ್ಲಿ ನಮ್ಮೂರು 40 ಡಿಗ್ರಿ ದಾಟುತ್ತದೆ, ಆದ್ದರಿಂದ ಕಾಪಿ ರಾತ್ರಿ ಶುರು ಮಾಡಿ. ನ್ಯಾಸ್ ಕಪಾಟಿನೊಳಗೆ ಇದ್ದರೆ ಬಾಗಿಲು ತೆರೆದಿಡಿ, ಎದುರಿಗೆ ಒಂದು ಫ್ಯಾನ್ ಇಡಿ.

ಎಲ್ಲವನ್ನೂ ಒಟ್ಟಿಗೆ ಎಳೆಯಬೇಡಿ. ಇನ್ನೂ ಗಿರಾಕಿಗೆ ಕೊಡದ ಮದುವೆಗಳ ಮೂಲ ಫೈಲ್ ಮೊದಲು. ಆಮೇಲೆ ಆಲ್ಬಮ್ ಪ್ರಾಜೆಕ್ಟ್. ಕೊಟ್ಟು ಮುಗಿಸಿದ್ದು ಕೊನೆಗೆ. ಕರೆಂಟ್ ಹೋದ ದಿನ ಹಾಕಿದ ಫೈಲುಗಳನ್ನು ಒಂದೊಂದೇ ತೆರೆದು ನೋಡಿ. ಆ ಗಳಿಗೆಯಲ್ಲಿ ಬರೆಯುತ್ತಿದ್ದದ್ದು ಡಿಸ್ಕಿಗೆ ಪೂರ್ತಿ ಇಳಿಯದೇ ಇರಬಹುದು. ಆ ಶೂಟಿನ ಮೆಮೊರಿ ಕಾರ್ಡ್ ಇನ್ನೂ ಇದ್ದರೆ ದಯವಿಟ್ಟು ಎತ್ತಿಡಿ, ಫಾರ್ಮ್ಯಾಟ್ ಮಾಡಬೇಡಿ.

ವಿಂಡೋಸ್‌ನ ಮಾಮೂಲಿ ಕಾಪಿ-ಪೇಸ್ಟ್ ಕೆಟ್ಟ ಫೈಲ್ ಸಿಕ್ಕರೆ ನಡುವೆ ನಿಂತು ನಿಮ್ಮನ್ನು ಕೇಳುತ್ತಾ ಕೂರುತ್ತದೆ. ರೋಬೋಕಾಪಿ ಎಂಬ ಕಾಪಿ ಕಮಾಂಡ್ ಬಳಸಿ, ಅದು ವಿಂಡೋಸ್‌ನಲ್ಲೇ ಇದೆ. ಅದರಲ್ಲೂ ಒಂದು ವಿಷಯ ಗೊತ್ತಿರಲಿ. ಸುಮ್ನೆ ಓಡಿಸಿದರೆ ಓದಲಾಗದ ಒಂದು ಫೈಲಿಗೆ 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲ 30 ಸೆಕೆಂಡ್ ಕಾಯುತ್ತದೆ. ಅಲ್ಲೇ ನಿಂತುಬಿಡುತ್ತದೆ. ರೀಟ್ರೈ ಮತ್ತು ವೇಟ್ ಎರಡನ್ನೂ 1ಕ್ಕೆ ಇಳಿಸಿ, ಲಾಗ್ ಫೈಲ್ ಬರೆಯಲು ಹೇಳಿ. ಕೆಟ್ಟದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಬೆಳಿಗ್ಗೆ ಲಾಗ್ ನೋಡಿದರೆ ಯಾವ ಫೈಲ್ ಬರಲಿಲ್ಲ ಅಂತ ಗೊತ್ತಾಗುತ್ತದೆ.

ಕಾಪಿ ನಡೆಯುವಾಗ ನ್ಯಾಸ್‌ನ ಡಿಸ್ಕ್ ಹೊರಗೆ ತೆಗೆಯಬೇಡಿ. ತೆಗೆದು ವಿಂಡೋಸ್‌ಗೆ ಹಾಕಿದರೆ ಇನಿಷಿಯಲೈಜ್ ಮಾಡಲಾ, ಫಾರ್ಮ್ಯಾಟ್ ಮಾಡಲಾ ಎಂದು ಕೇಳುತ್ತದೆ. ಹೂಂ ಅಂದರೆ ಮುಗಿಯಿತು. ಬೀದರಿನ ಒಂದು ಸ್ಟುಡಿಯೋದಲ್ಲಿ ಯಾರೋ ಹೀಗೇ ಒಂದಲ್ಲ, ಎರಡು ಡಿಸ್ಕಿಗೆ ಮಾಡಿದ್ದರು. ರೇಡ್ 5 ಒಂದು ಡಿಸ್ಕ್ ಹೋದರೆ ತಡೆಯುತ್ತದೆ, ಎರಡು ಹೋದರೆ ಇಲ್ಲ. ಕೊನೆಗೆ ಡಿಸ್ಕುಗಳನ್ನು ಹೈದರಾಬಾದಿನ ರಿಕವರಿ ಲ್ಯಾಬಿಗೆ ಒಯ್ಯಬೇಕಾಯಿತು. ನಿಮ್ಮದರಲ್ಲಿ ಒಂದು ಡಿಸ್ಕ್ ಫೇಲ್ ಎಂದು ತೋರಿಸುತ್ತಿದ್ದರೂ ಕಾಪಿ ಮುಗಿಯುವ ತನಕ ಹೊಸ ಡಿಸ್ಕ್ ಹಾಕಬೇಡಿ. ಹೊಸ ಡಿಸ್ಕಿಗೆ ಡೇಟಾ ಮತ್ತೆ ಕಟ್ಟುವ ರೀಬಿಲ್ಡ್ ಅಂದರೆ ಉಳಿದ ಮೂರನ್ನೂ ಮೊದಲಿನಿಂದ ಕೊನೆವರೆಗೆ ಓದಿಸುವುದು. ಅವೂ ಅಷ್ಟೇ ವಯಸ್ಸಿನವು, ಅದೇ ಸೆಕೆ ತಿಂದವು.

ಕಾಪಿ ಮುಗಿದ ಮೇಲೆ ಕಾರಣ ಹುಡುಕಿ. ಪ್ರತಿ ಡಿಸ್ಕಿನ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ತೆರೆಯಿರಿ. 5, 197, 198 ಈ ಮೂರು ಸಾಲು ಮುಖ್ಯ. ಹಾಳಾಗಿ ಬದಲಾದ ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು), ಓದಲಾಗದೆ ಬಾಕಿ ಇರುವ ಸೆಕ್ಟರ್, ಸರಿಪಡಿಸಲಾಗದ ಸೆಕ್ಟರ್ ಎಷ್ಟು ಅಂತ ಅವು ಹೇಳುತ್ತವೆ. 197 ಸೊನ್ನೆ ಅಲ್ಲದ ಡಿಸ್ಕನ್ನು ನಾನು ಗಿರಾಕಿಯ ಕೆಲಸಕ್ಕೆ ಇಡುವುದಿಲ್ಲ, ನ್ಯಾಸ್ ಅದನ್ನು ಹೆಲ್ದಿ ಎಂದು ಹಸಿರು ತೋರಿಸಿದರೂ ಸರಿ. ಡಿಸ್ಕಿಗೂ ನ್ಯಾಸ್‌ಗೂ ನಡುವೆ ಡೇಟಾ ಸಾಗುವಾಗಿನ ತಪ್ಪು ಎಣಿಸುವ 199 ಏರುತ್ತಿದ್ದರೆ ಡಿಸ್ಕಿಗಿಂತ ಮೊದಲು ಕೇಬಲ್ ಅಥವಾ ಸ್ಲಾಟಿನ ಮೇಲೆ ಅನುಮಾನ ಪಡಿ, ಧೂಳು ಒರೆಸಿ. ಡಿಸ್ಕುಗಳೆಲ್ಲ ಚೆನ್ನಾಗಿದ್ದರೆ ರ‍್ಯಾಮ್ ಪರೀಕ್ಷೆ ಮಾಡಿಸಿ, ಅದರಲ್ಲೂ ಹೊರಗಿನ ರ‍್ಯಾಮ್ ಸೇರಿಸಿದ್ದರೆ. ಕೆಟ್ಟ ರ‍್ಯಾಮ್ ಮೆಟಾಡೇಟಾವನ್ನು ತಪ್ಪಾಗಿ ಬರೆಸುತ್ತದೆ. ವಾಲ್ಯೂಮ್ ತುಂಬಿ ತುಳುಕುತ್ತಿತ್ತಾ ಅಂತಲೂ ನೋಡಿ. ಜಾಗ ಪೂರ್ತಿ ಮುಗಿದರೂ ಬಿಟಿಆರ್‌ಎಫ್‌ಎಸ್ ರೀಡ್-ಓನ್ಲಿ ಆಗುವುದುಂಟು.

ಇನ್ನು ರಿಪೇರಿ. ಇಎಕ್ಸ್‌ಟಿ4 ಆಗಿದ್ದರೆ ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ ಎಂಬ ತಪಾಸಣೆ ಕಮಾಂಡ್ ಓಡಿಸಿ ಎನ್ನುತ್ತಿದ್ದೆ. ಬಿಟಿಆರ್‌ಎಫ್‌ಎಸ್‌ನ ರಿಪೇರಿ ಕಮಾಂಡ್ ಬಗ್ಗೆ ಅದನ್ನು ಬರೆದವರೇ ಎಚ್ಚರಿಕೆ ಕೊಟ್ಟಿದ್ದಾರೆ, ತಿಳಿದವರು ಹೇಳದೆ ಓಡಿಸಬೇಡಿ ಎಂದು. ಕೈಯಲ್ಲಿ ಕಾಪಿ ಇರುವಾಗ ಆ ರಗಳೆ ಯಾಕೆ? ಕೆಟ್ಟ ಡಿಸ್ಕ್ ಬದಲಿಸಿ, ಹಳೆ ವಾಲ್ಯೂಮ್ ಅಳಿಸಿ, ಹೊಸದು ಮಾಡಿ, ಡೇಟಾ ವಾಪಸ್ ಹಾಕಿ. ಎಕ್ಸ್‌ಟರ್ನಲ್ ಡಿಸ್ಕ್ ಅಳಿಸದೆ ಹಾಗೇ ಇಟ್ಟುಕೊಳ್ಳಿ, ಇನ್ನು ಮುಂದೆ ಅದೇ ನಿಮ್ಮ ಬ್ಯಾಕಪ್. ವಾರಕ್ಕೊಮ್ಮೆ ಹಾಕಿ ತುಂಬಿಸಿ, ತೆಗೆದು ಮನೆಯಲ್ಲಿಡಿ.

ಕರೆಂಟಿನ ವಿಷಯ. ನ್ಯಾಸ್ ಇನ್ವರ್ಟರ್ ಮೇಲಿದೆ ಎಂದಿದ್ದೀರಿ. ಬಹಳಷ್ಟು ಇನ್ವರ್ಟರಿನ ಹಿಂದೆ ಒಂದು ಸ್ವಿಚ್ ಇರುತ್ತದೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗುವ ಆ ಕ್ಷಣ ಫ್ಯಾನು, ದೀಪಕ್ಕೆ ಏನೂ ಆಗುವುದಿಲ್ಲ, ನ್ಯಾಸ್ ಮಾತ್ರ ಆಫ್ ಆಗಿಬಿಡಬಹುದು. ಅದನ್ನು ಯುಪಿಎಸ್ ಕಡೆ ತಿರುಗಿಸಿ. ಆದರೂ ಇನ್ವರ್ಟರ್ ಒಂದೇ ಸಾಲದು. ಬ್ಯಾಟರಿ ಮುಗಿಯುತ್ತಾ ಬಂತು ಅಂತ ಅದು ನ್ಯಾಸ್‌ಗೆ ಹೇಳಲಾರದು. ಯುಎಸ್‌ಬಿ ಪೋರ್ಟ್ ಇರುವ ಒಂದು ಸಣ್ಣ ಯುಪಿಎಸ್ ತಂದು, ಕೇಬಲ್‌ನಿಂದ ನ್ಯಾಸ್‌ಗೆ ಸೇರಿಸಿ, ಸೆಟ್ಟಿಂಗ್‌ನಲ್ಲಿ ಯುಪಿಎಸ್ ಸಪೋರ್ಟ್ ಆನ್ ಮಾಡಿ. ಕೊಳ್ಳುವ ಮೊದಲು ಆ ಮಾಡೆಲ್ ನಿಮ್ಮ ನ್ಯಾಸ್ ಕಂಪನಿಯ ಪಟ್ಟಿಯಲ್ಲಿದೆಯಾ ನೋಡಿಕೊಳ್ಳಿ. ಹೊಸ ವಾಲ್ಯೂಮ್ ಆದ ಮೇಲೆ, ಗಿರಾಕಿಯ ಫೈಲ್ ಹಾಕುವ ಮೊದಲೇ ಯುಪಿಎಸ್‌ನ ಪ್ಲಗ್ ಕಿತ್ತು ಪರೀಕ್ಷಿಸಿ. ನ್ಯಾಸ್ ತಾನಾಗಿಯೇ ಕೆಲಸ ನಿಲ್ಲಿಸಿಕೊಂಡರೆ ಮಾತ್ರ ಮುಂದುವರಿಯಿರಿ.